ಬಿಸಿಲಿಗೆ ತುಂಬುವ ಹೊಳೆಗಳ ದಾರಿ

ಮಾನ್ಯರೇ, ಈ ಸಂಜೆಯ ಉಪನ್ಯಾಸಕ್ಕೆ ಸಂಘಟಕರು ಕೊಟ್ಟ ಶೀರ್ಷಿಕೆ ‘ಬೈಕಿನಲ್ಲಿ ಹಿಮನದಿಗೆ’ ಎಂದಿತ್ತು. ಅದನ್ನು ಕೇಳಿದವರಿಗೆ ಹಿಮನದಿ ಎಂದರೆ ರಸ್ತೆ ಮುಗಿದ ಮೇಲೆ ಸಿಗುವ ಯಾವುದೋ ಊರು ಎಂಬಂತೆ ತೋರುವುದು ಸಹಜ. ಹೊರಡುವ ಮುನ್ನ ನಾನೂ ಹಾಗೆಯೇ ಎಣಿಸಿದ್ದೆ. ಕಾರ್ಗಿಲ್‌ನಿಂದ ಸುರು ಕಣಿವೆಯ ಗುಂಟ ಸಾಗಿ, ಪೆನ್ಸಿ ಲಾ ಕಣಿವೆಮಾರ್ಗವನ್ನು ಹತ್ತಿ, ಅದರಾಚೆ ಝನ್ಸ್ಕಾರ್ ಕಡೆಗೆ ಚಾಚಿಕೊಂಡಿರುವ ದ್ರಂಗ್ ದ್ರುಂಗ್ ಹಿಮನದಿಯ ಮೇಲೆ ಒಂದು ಬೆಳಗು ನಡೆದು ಬಂದ ಮೇಲೆ ಆ ಎಣಿಕೆ ಉಳಿಯಲಿಲ್ಲ. ಹಿಮನದಿಯನ್ನು ನಾನು ಮುಟ್ಟಿದ್ದು ಕಾರ್ಗಿಲ್ ಬಿಟ್ಟ ನಾಲ್ಕನೆಯ ದಿನ. ಅದು ನನ್ನನ್ನು ಮುಟ್ಟಿದ್ದು ಎರಡನೆಯ ದಿನವೇ, ಮೊಣಕಾಲು ಮಟ್ಟದ ನೀರಿನ ನಡುವೆ ಬೈಕು ನಿಂತುಹೋದಾಗ. ಇಂದು ಹೇಳಹೊರಟಿರುವುದು ಮುಖ್ಯವಾಗಿ ಆ ನೀರಿನ ವಿಷಯ.

ಶ್ರೀನಗರದಿಂದ ಕಾರ್ಗಿಲ್‌ವರೆಗಿನ ಸುಮಾರು 200 ಕಿ.ಮೀ. ದಾರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಸೋನಾಮಾರ್ಗ್ ದಾಟಿ 3,528 ಮೀಟರ್ ಎತ್ತರದ ಝೋಜಿ ಲಾ ಹತ್ತಿದೊಡನೆ ಕಾಡು ಮುಗಿದು ಬೋಳುಬೆಟ್ಟ ಆರಂಭವಾಗುತ್ತದೆ. ದ್ರಾಸ್ ದಾಟಿದರೆ ಕಾರ್ಗಿಲ್. ಆ ಹೆದ್ದಾರಿಯಲ್ಲಿ ಬೈಕಿನವರ ಜಾತ್ರೆಯೇ ನೆರೆದಿರುತ್ತದೆ. ಬಹುಮಂದಿ ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಕಳೆದು ಲೇಹ್ ಕಡೆಗೆ ಹೋಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ, ಸುರು ನದಿಯ ಎದುರಾಗಿ ಪದುಮ್‌ವರೆಗೆ ಹೋಗುವ ಸುಮಾರು 230 ಕಿ.ಮೀ. ರಸ್ತೆಯಲ್ಲಿ ಜನ ಕಡಿಮೆ. ಟ್ಯಾಂಕು ತುಂಬಿಸಿಕೊಂಡು, ಮೇಲೆ ಐದು ಲೀಟರಿನ ಕ್ಯಾನೊಂದನ್ನು ಕಟ್ಟಿಕೊಂಡು ನಾನು ಹಿಡಿದದ್ದು ಈ ದಾರಿಯನ್ನು.

ನನ್ನದು ಕಾರ್ಬ್ಯುರೇಟರ್ ಇರುವ ಹಳೆಯ ಬೈಕು. ಇದನ್ನು ಹೇಳುವುದಕ್ಕೆ ಕಾರಣವಿದೆ. ಇಂಜಿನ್ನಿಗೆ ಪೆಟ್ರೋಲು ಎಷ್ಟು ಬೇಕೋ ಗಾಳಿಯೂ ಅದಕ್ಕೆ ತಕ್ಕಂತೆ ಬೇಕು. 4,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಶೇ. 60ಕ್ಕೆ ಇಳಿದಿರುತ್ತದೆ. ಇಂಧನ ಇಂಜೆಕ್ಷನ್ ಇರುವ ಹೊಸ ಬೈಕುಗಳು ಇದನ್ನು ತಾವೇ ಅಳೆದು ಪೆಟ್ರೋಲನ್ನು ಕಡಿಮೆ ಮಾಡಿಕೊಳ್ಳುತ್ತವೆ. ಕಾರ್ಬ್ಯುರೇಟರಿಗೆ ಅಷ್ಟು ಬುದ್ಧಿಯಿಲ್ಲ. ಅದು ಕೆಳಗೆ ಕೊಡುತ್ತಿದ್ದ ಲೆಕ್ಕದಲ್ಲೇ ಪೆಟ್ರೋಲು ಕೊಡುತ್ತ ಹೋಗುತ್ತದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಂಜಿನ್ ನಿಂತುಹೋಗುತ್ತದೆ. ಮಿಶ್ರಣದ ಸ್ಕ್ರೂವನ್ನು ಸ್ವಲ್ಪ ತಿರುಗಿಸಿಕೊಂಡು ಹೋಗಿ ಎಂದು ಕಾರ್ಗಿಲ್‌ನ ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ಅಲ್ಲಿ ಬೈಕು ಚೆನ್ನಾಗಿಯೇ ಓಡುತ್ತಿದ್ದುದರಿಂದ ನಾನು ಉದಾಸೀನ ಮಾಡಿದೆ. ಆ ಉದಾಸೀನದ ಫಲವನ್ನು ಮುಂದೆ ಹೇಳುತ್ತೇನೆ.

ಇಂಜಿನ್ನಿನ ಕಥೆಯೇ ಸವಾರನದೂ. ಕಾರ್ಗಿಲ್ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ರಂಗ್ದುಮ್ ಸುಮಾರು 4,000 ಮೀಟರ್, ಪೆನ್ಸಿ ಲಾ ಸುಮಾರು 4,400 ಮೀಟರ್. ಮೂರು ಸಾವಿರ ಮೀಟರ್ ದಾಟಿದ ಮೇಲೆ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೆ ಹೋಗಿ ಮಲಗಬಾರದೆಂಬುದು ಪರ್ವತವೈದ್ಯರ ಸಾಮಾನ್ಯ ಸಲಹೆ. ಬೈಕಿನವನು ಈ ಸಲಹೆಯನ್ನು ಮೀರುವುದು ಬಲು ಸುಲಭ, ಏಕೆಂದರೆ ಏರುವ ಕೆಲಸವನ್ನು ಅವನ ಕಾಲುಗಳು ಮಾಡುತ್ತಿರುವುದಿಲ್ಲ. ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಪಾನಿಖರ್‌ನಲ್ಲಿ ಒಂದು ರಾತ್ರಿ ಕಳೆದು ಹೋದರೂ ರಂಗ್ದುಮ್‌ಗೆ ಒಮ್ಮೆಗೇ ಏರಿದ್ದರಿಂದ ನನ್ನ ತಲೆ ಇಡೀ ರಾತ್ರಿ ಸಿಡಿಯಿತು. ಮರುದಿನ ಅಲ್ಲೇ ಉಳಿದು, ನೀರು ಕುಡಿದು, ನಿಧಾನವಾಗಿ ಓಡಾಡಿದ ಮೇಲೆ ಸರಿಹೋಯಿತು. ಆ ದಿನ ಸರಿಹೋಗದಿದ್ದರೆ ಮಾಡಬೇಕಾದುದು ಒಂದೇ, ಕೆಳಗಿಳಿಯುವುದು. ಮಾತ್ರೆ ನುಂಗಿ ಮೇಲೇರುವವರನ್ನು ಕಂಡಿದ್ದೇನೆ. ಅವರ ಧೈರ್ಯವನ್ನು ನಾನು ಹೊಗಳಲಾರೆ.

ಈಗ ಕಣಿವೆಗೆ ಬರೋಣ. ಸುರು ಕಣಿವೆಯ ಕೆಳಭಾಗ ಹಸುರು. ಬಾರ್ಲಿ, ಬಟಾಣಿ ಹೊಲಗಳು, ಪಾಪ್ಲರ್ ಮತ್ತು ವಿಲ್ಲೋ ಮರಗಳ ಸಾಲು, ಹೊಳೆಯಿಂದ ಕಡಿದು ತಂದ ಸಣ್ಣ ಕಾಲುವೆಗಳು. ಪಾನಿಖರ್ ಬಳಿ ಕಣಿವೆಯ ತಿರುವಿನಲ್ಲಿ ನುನ್ ಮತ್ತು ಕುನ್ ಶಿಖರಗಳು ಕಾಣುತ್ತವೆ. ನುನ್ 7,135 ಮೀಟರ್, ಕುನ್ 7,077 ಮೀಟರ್. ನುನ್ ಶಿಖರವನ್ನು ಮೊದಲು ಏರಿದವರು 1953ರಲ್ಲಿ ಕ್ಲೋದ್ ಕೊಗಾನ್ ಎಂಬ ಫ್ರೆಂಚ್ ಮಹಿಳೆ ಮತ್ತು ಪಿಯೆರ್ ವಿತೋಜ್. ಇದೇ ಶಿಖರಸಮೂಹದಿಂದ ಇಳಿದು ಬರುವ ಪರ್ಕಾಚಿಕ್ ಹಿಮನದಿ ಸುರು ನದಿಯ ದಡದವರೆಗೆ ತನ್ನ ಮೂತಿಯನ್ನು ಚಾಚಿದೆ. ರಸ್ತೆಯಿಂದ ನೋಡಿದರೆ ಅದು ಹಿಮದಂತೆ ಕಾಣುವುದೇ ಇಲ್ಲ. ಯಾರೋ ಕಲ್ಲುಗಣಿಯ ತ್ಯಾಜ್ಯವನ್ನು ಗುಡ್ಡದ ಮೇಲಿಂದ ಸುರಿದಂತೆ, ಬೂದುಬಣ್ಣದ ರಾಶಿ. ಅಲ್ಲಲ್ಲಿ ಕುಸಿದ ಕಡೆ ಮಾತ್ರ ಒಳಗಿನ ನೀಲಿ ಇಣುಕುತ್ತದೆ.

ಕಣಿವೆಯ ಆಕಾರವನ್ನು ಗಮನಿಸಲು ನಾನು ಕಲಿತದ್ದು ಅಲ್ಲಿಂದ ಮುಂದೆ. ಹೊಳೆ ಕೊರೆದ ಕಣಿವೆಯ ತಳ ಕಿರಿದಾಗಿ, ಪಕ್ಕಗಳು ಓರೆಯಾಗಿ ಇರುತ್ತವೆ. ಹಿಮನದಿ ಉಜ್ಜಿದ ಕಣಿವೆಯಾದರೆ ತೊಟ್ಟಿಲಿನಂತೆ, ತಳ ಅಗಲವಾಗಿ, ಗೋಡೆಗಳು ಕಡಿದಾಗಿ ಇರುತ್ತವೆ. ಪರ್ಕಾಚಿಕ್ ದಾಟಿದ ಮೇಲೆ ಸಿಗುವುದು ಇಂಥ ತೊಟ್ಟಿಲು. ಬೈಕು ಓಡುತ್ತಿದ್ದದ್ದು ಒಂದು ಕಾಲಕ್ಕೆ ಮಂಜುಗಡ್ಡೆ ಹರಿದ ಪಾತ್ರದಲ್ಲಿ. ರಸ್ತೆಗೆ ಅಡ್ಡಬಂದು, ಡೊಜರ್ ಕಡಿದು ಹಾಕಿದ ದಿಬ್ಬಗಳೆಲ್ಲ ಅದು ತಂದೊಡ್ಡಿದ ಕಲ್ಲುಮಣ್ಣು. ಭೂವಿಜ್ಞಾನಿಗಳು ಇದನ್ನು ಮೊರೇನ್ ಎನ್ನುತ್ತಾರೆ. ರಂಗ್ದುಮ್ ಬಳಿ ಸುರು ನದಿ ಹತ್ತಾರು ಜಡೆಗಳಾಗಿ ಹರಡಿಕೊಳ್ಳುವ ವಿಶಾಲವಾದ ಬಯಲಿದೆ; ಆ ಬಯಲನ್ನು ತುಂಬಿರುವ ಜಲ್ಲಿ, ಮರಳು ಕೂಡ ಮೇಲಿನ ಹಿಮನದಿಗಳ ಸರಕೇ. ನೀರಿನ ಬಣ್ಣವೂ ಅಕ್ಕಚ್ಚಿನದು. ಮಂಜುಗಡ್ಡೆಯ ಬುಡದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಹಾಸುಬಂಡೆಯನ್ನು ಅರೆದು ಹಿಟ್ಟು ಮಾಡುತ್ತವೆ. ಆ ಕಲ್ಲಿನ ಹಿಟ್ಟು ನೀರಿನಲ್ಲಿ ತಳಕ್ಕೆ ಇಳಿಯದೆ ತೇಲುತ್ತಿರುವುದರಿಂದ ಹೊಳೆ ಹಾಗೆ ಕಾಣುತ್ತದೆ.

ಇಂಥ ಹೊಳೆಗೆ ಹೊತ್ತುಗೊತ್ತು ಇದೆ. ಮುಗಿಲು ಕಪ್ಪಾದರೆ ಹೊಳೆ ಬರುತ್ತದೆ ಎಂಬುದು ಮಳೆಯ ನಾಡಿನವರ ಅನುಭವ. ಲಡಾಖ್‌ನ ಹೆಚ್ಚಿನ ಭಾಗ ಮಳೆನೆರಳಿನ ಪ್ರದೇಶ. ಲೇಹ್‌ನಲ್ಲಿ ಬೀಳುವ ಮಳೆ, ಹಿಮ ಎಲ್ಲವನ್ನೂ ಕೂಡಿಸಿದರೂ ವರ್ಷಕ್ಕೆ ಸುಮಾರು 100 ಮಿ.ಮೀ. ಅಲ್ಲಿನ ಬೇಸಗೆಯ ಹೊಳೆಗಳು ತುಂಬುವುದು ಬಿಸಿಲಿಗೆ. ಸೂರ್ಯ ನೆತ್ತಿಗೇರಿದಂತೆ ಮೇಲಿನ ಮಂಜು ಕರಗತೊಡಗುತ್ತದೆ, ಆ ನೀರು ಗಡ್ಡೆಯ ಮೇಲೂ ಒಳಗೂ ಅಡಿಯಲ್ಲೂ ಹರಿದು ಕೆಳಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ, ಹೀಗಾಗಿ ರಸ್ತೆಗೆ ಅಡ್ಡ ಹರಿಯುವ ನಾಲಾಗಳು ಮಧ್ಯಾಹ್ನ ಕಳೆದು ಸಂಜೆಯಾಗುವ ಹೊತ್ತಿಗೆ ಮೈತುಂಬಿಕೊಳ್ಳುತ್ತವೆ. ರಾತ್ರಿ ಮೇಲೆ ಎಲ್ಲವೂ ಮತ್ತೆ ಹೆಪ್ಪುಗಟ್ಟುವುದರಿಂದ ಬೆಳಗಿನ ಜಾವ ನೀರು ಅತ್ಯಂತ ಕಡಿಮೆ. ಮೋಡ ಕವಿದು ಚಳಿಯಾದ ದಿನ, ಮಳೆ ಬೀಳದಿದ್ದರೆ, ನಾಲಾ ಇಡೀ ದಿನ ತಗ್ಗಿಯೇ ಇರುತ್ತದೆ.

ಇದನ್ನೆಲ್ಲ ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ. ಎರಡನೆಯ ದಿನ ಪಾನಿಖರ್‌ನಲ್ಲಿ ತಡವಾಗಿ ಎದ್ದು, ಪರ್ಕಾಚಿಕ್ ಎದುರು ಫೋಟೋ ತೆಗೆಯುತ್ತ ಕುಳಿತು, ರಂಗ್ದುಮ್‌ಗೆ ಇನ್ನೂ ಕೆಲವು ಕಿಲೋಮೀಟರ್ ಇರುವಾಗ ದೊಡ್ಡದೊಂದು ನಾಲಾದ ದಡ ಮುಟ್ಟಿದಾಗ ಸಮಯ ನಾಲ್ಕೂವರೆ. ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ದಡದ ಮೇಲೆ ರಸ್ತೆ ಕೆಲಸದವರ ಒಂದು ತಂಡವಿತ್ತು. ಜಾರ್ಖಂಡ್‌ನ ದುಮ್ಕಾ ಕಡೆಯವರು, ಆ ಗಡಿರಸ್ತೆಗಳಲ್ಲಿ ಬೇಸಗೆಯುದ್ದಕ್ಕೂ ದುಡಿಯುವ ಸಾವಿರಾರು ಜನರ ಪೈಕಿ ಎಂಟು ಹತ್ತು ಮಂದಿ. ಅವರಲ್ಲಿ ಹಿರಿಯರೊಬ್ಬರು ಹರಿವಿನ ಅಂಚಿನಲ್ಲಿದ್ದ ಒಂದು ಕಲ್ಲನ್ನು ತೋರಿಸಿದರು. ಅದಕ್ಕೆ ಮೈಲಿಗಲ್ಲಿಗೆ ಬಳಿಯುವ ಬಿಳಿ ಬಣ್ಣ ಬಳಿದಿತ್ತು. ‘ಕಲ್ಲು ಕಂಡರೆ ದಾಟಿ, ಮುಳುಗಿದರೆ ನಾಳೆ ಬನ್ನಿ’ ಎಂಬರ್ಥದ ಮಾತನ್ನು ಹಿಂದಿಯಲ್ಲಿ ಹೇಳಿದರು. ಕಲ್ಲಿನ ತುದಿ ಅಂಗೈಯಷ್ಟು ಮಾತ್ರ ಮೇಲಿತ್ತು. ಕಂಡಿತಲ್ಲ ಎಂದು ನಾನು ಇಳಿದೆ.

ನೀರು ದಾಟುವ ರೀತಿ ನನಗೆ ತಿಳಿಯದ್ದೇನಲ್ಲ. ಮೊದಲು ನಡೆದು ನೋಡಬೇಕು. ಎಲ್ಲಿ ನೀರು ಗಲಗಲ ಎನ್ನುತ್ತದೋ ಅಲ್ಲಿ ಆಳ ಕಡಿಮೆ, ಎಲ್ಲಿ ನುಣ್ಣಗೆ ಮೌನವಾಗಿದೆಯೋ ಅಲ್ಲಿ ಗುಂಡಿ. ಮೊದಲ ಗೇರ್, ಒಂದೇ ಸಮನಾದ ಆಕ್ಸಿಲರೇಟರ್, ದೃಷ್ಟಿ ಆಚೆ ದಡದ ಮೇಲೆ. ನಡುವೆ ಕ್ಲಚ್ ಹಿಡಿಯಬಾರದು. ಅರ್ಧದಾರಿಯಲ್ಲಿ ಮುಂದಿನ ಚಕ್ರ ನುಣುಪಾದ ಗುಂಡುಕಲ್ಲೊಂದನ್ನು ಹತ್ತಿ ಎಡಕ್ಕೆ ಜಾರಿತು, ಬೆರಳುಗಳು ತಾವಾಗಿಯೇ ಕ್ಲಚ್ ಹಿಡಿದವು, ಆಕ್ಸಿಲರೇಟರ್ ಸಡಿಲಿತು, ಮಸಿ ಹಿಡಿದ ಪ್ಲಗ್ಗಿನ ಇಂಜಿನ್ ಎರಡು ಬಾರಿ ಕೆಮ್ಮಿ ನಿಂತಿತು. ಬೂಟಿನೊಳಗೆ ನೀರು ನುಗ್ಗಿದಾಗ ಆದದ್ದು ಚಳಿಯ ಅನುಭವ ಅಲ್ಲವೇ ಅಲ್ಲ. ಕಾಲಿಗೆ ಯಾರೋ ಹೊಡೆದಂಥ ನೋವು. ಕೆಲವು ಗಂಟೆಗಳ ಹಿಂದೆ ಆ ನೀರು ಮಂಜುಗಡ್ಡೆಯಾಗಿತ್ತು ಎಂಬ ವಿಚಾರ ಆ ಕ್ಷಣಕ್ಕೆ ಪುಸ್ತಕದ ಮಾತಾಗಿ ಉಳಿಯಲಿಲ್ಲ.

ಬೈಕನ್ನು ಬೀಳದಂತೆ ಹಿಡಿದು ನಿಲ್ಲುವುದೊಂದೇ ನನ್ನಿಂದಾದದ್ದು. ಆ ತಂಡದ ನಾಲ್ವರು ಪ್ಯಾಂಟು ಮಡಚಿ ಇಳಿದು ಬಂದು, ಹಗ್ಗ ಕಟ್ಟಿ, ಆಚೆ ದಡಕ್ಕೆ ದೂಡಿದರು. ದಡ ಸೇರಿದ ಮೇಲೆ ನಾನು ಕಿಕ್ಕರ್ ಮೇಲೆ ಕಾಲಿಡಹೋದಾಗ ಅವರೇ ತಡೆದರು. ಇಂಜಿನ್ನಿನೊಳಗೆ ನೀರು ಸೇರಿದ್ದರೆ ಪಿಸ್ಟನ್ನು ಅದನ್ನು ಗಾಳಿಯಂತೆ ಒತ್ತಲಾರದು. ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ನಾಲ್ಕಾರು ಸಲ ಕಿಕ್ ಹೊಡೆದು ಒಳಗಿನ ತೇವವನ್ನು ಹೊರಹಾಕಿ, ಏರ್ ಫಿಲ್ಟರ್ ಒಣಗಿಸಿ, ಮಿಶ್ರಣದ ಸ್ಕ್ರೂವನ್ನು ಕೊನೆಗೂ ತಿರುಗಿಸಿ ಹೊರಡುವಾಗ ಹಿಂತಿರುಗಿ ನೋಡಿದೆ. ಬಿಳಿ ಕಲ್ಲು ಕಾಣಲಿಲ್ಲ.

ರಂಗ್ದುಮ್‌ನಲ್ಲಿ ಗುಡ್ಡದ ನೆತ್ತಿಯ ಮೇಲೊಂದು ಬೌದ್ಧವಿಹಾರವಿದೆ. ಪಕ್ಕದ ಜುಲ್ದೊ ಎಂಬ ಹಳ್ಳಿಯಲ್ಲಿ ಉಳಿದೆ. ಪರ್ಕಾಚಿಕ್‌ವರೆಗೆ ಹಳ್ಳಿಗಳಲ್ಲಿ ಶಿಯಾ ಮುಸ್ಲಿಮರಿದ್ದರೆ ಇಲ್ಲಿಂದ ಮುಂದೆ ಬೌದ್ಧರು. ‘ಸಲಾಂ’ ಹೋಗಿ ‘ಜುಲೇ’ ಬರುತ್ತದೆ. ನನಗೆ ದಾರಿ ತೋರಿಸಲು ಒಪ್ಪಿದವರು ಐವತ್ತು ದಾಟಿದ ಒಬ್ಬರು. ಊರಿನವರಂತೆ ನಾನೂ ಅವರನ್ನು ‘ಅಚೋ’, ಅಂದರೆ ಅಣ್ಣ, ಎಂದು ಕರೆದೆ. ಅವರು ಕೇಳಿದ ಮೊದಲ ಪ್ರಶ್ನೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಎಂಬುದು. ನಾಲಾದ ಕಥೆ ನನಗಿಂತ ಮೊದಲೇ ಹಳ್ಳಿ ತಲುಪಿತ್ತು.

ನಾಲ್ಕನೆಯ ದಿನ ನಸುಕಿನಲ್ಲಿ, ಅಚೋ ಹಿಂದೆ ಕುಳಿತು, ಪೆನ್ಸಿ ಲಾ ಹತ್ತಿದೆವು. ಕಣಿವೆಮಾರ್ಗದ ಒಂದು ಮಗ್ಗುಲಿನ ನೀರು ಸುರು ಸೇರುತ್ತದೆ. ಇನ್ನೊಂದು ಮಗ್ಗುಲಿನದು ಸ್ತೋದ್ ಎಂಬ ಹೊಳೆಯಾಗಿ, ಪದುಮ್ ಬಳಿ ಮತ್ತೊಂದು ಹೊಳೆಯನ್ನು ಕೂಡಿ ಝನ್ಸ್ಕಾರ್ ನದಿಯಾಗಿ, ನಿಮ್ಮು ಎಂಬಲ್ಲಿ ಸಿಂಧೂ ಸೇರುತ್ತದೆ. ಸುರು ನದಿಯೂ ಬಳಸು ದಾರಿಯಲ್ಲಿ ಹೋಗಿ ಸೇರುವುದು ಸಿಂಧೂವನ್ನೇ. ಸ್ತೋದ್ ಹುಟ್ಟುವುದು ದ್ರಂಗ್ ದ್ರುಂಗ್‌ನ ಬಾಯಿಂದ. ಕಣಿವೆಮಾರ್ಗ ಇಳಿಯುತ್ತಿದ್ದಂತೆ ತಿರುವೊಂದರಲ್ಲಿ ಅದು ಒಮ್ಮೆಲೇ ಕಾಣುತ್ತದೆ: ಇಪ್ಪತ್ತು ಕಿಲೋಮೀಟರಿಗೂ ಉದ್ದವಾದ, ಎರಡು ಶ್ರೇಣಿಗಳ ನಡುವೆ ಬಾಗಿ ಬರುವ ಬಿಳಿಯ ಹೆದ್ದಾರಿ, ಅದರ ಮೈಮೇಲೆ ಉದ್ದಕ್ಕೆ ಎಳೆದ ಕಪ್ಪು ಪಟ್ಟೆಗಳು, ಮೂತಿಯ ಬಳಿ ಕೆಸರುಬಣ್ಣದ ಸರೋವರ. ಪ್ರವಾಸಿಗರಲ್ಲಿ ಹೆಚ್ಚಿನವರು ಇಲ್ಲಿ ಫೋಟೋ ತೆಗೆದು ಹೋಗುತ್ತಾರೆ. ಅವರು ಕಳೆದುಕೊಳ್ಳುವುದು ಬಹಳವೇನಿಲ್ಲ ಎಂದು ಹೇಳಿದರೆ ನಿಮಗೆ ಆಶ್ಚರ್ಯವಾಗಬಹುದು, ಆದರೆ ನೋಟದ ದೃಷ್ಟಿಯಿಂದ ಅದೇ ಅತ್ಯುತ್ತಮ ಜಾಗ. ಮೇಲೆ ನಡೆಯುವುದರಿಂದ ಸಿಗುವುದು ನೋಟವಲ್ಲ.

ಬೈಕನ್ನು ರಸ್ತೆಯ ಪಕ್ಕ ನಿಲ್ಲಿಸಿ ಎರಡು ಗಂಟೆಗೂ ಹೆಚ್ಚು ಹೊತ್ತು ಮೊರೇನ್ ಮೇಲೆ ನಡೆದೆವು. ದಿನದ ಅತ್ಯಂತ ಕಷ್ಟದ ಭಾಗ ಇದೇ. ಅಡಿಗಲ್ಲಿಲ್ಲದೆ ಪೇರಿಸಿಟ್ಟ ಬಂಡೆಗಳು. ಕಾರಿನಷ್ಟು ದೊಡ್ಡದೂ ಕಾಲಿಟ್ಟರೆ ಅಲುಗುತ್ತದೆ. ಮುಂದೆ ಜಲ್ಲಿ ಹಾಸಿದ ಇಳಿಜಾರು ಬಂತು. ಅಚೋ ಕೋಲಿನ ತುದಿಯಿಂದ ಜಲ್ಲಿಯನ್ನು ಕೆರೆದು ತೋರಿಸಿದರು: ಎರಡು ಬೆರಳು ಆಳದಲ್ಲಿ ಕಪ್ಪಗೆ ಹೊಳೆಯುವ ಗಡ್ಡೆ. ನಾವು ಆಗಲೇ ಹಿಮನದಿಯ ಮೇಲಿದ್ದೆವು, ನನಗೆ ಗೊತ್ತಾಗಿರಲಿಲ್ಲ.

ಜಲ್ಲಿಯ ಆ ಹೊದಿಕೆಯದು ವಿಚಿತ್ರ ಸ್ವಭಾವ. ಅದು ಒಂದೆರಡು ಸೆಂಟಿಮೀಟರಿನಷ್ಟು ತೆಳ್ಳಗಿದ್ದರೆ ಬಿಸಿಲನ್ನು ಹೀರಿ ಅಡಿಯ ಗಡ್ಡೆಯನ್ನು ಬೇಗ ಕರಗಿಸುತ್ತದೆ. ದಪ್ಪವಾಗಿದ್ದರೆ ಕಂಬಳಿಯಂತೆ ಬಿಸಿಲನ್ನು ತಡೆದು ಕರಗುವುದನ್ನು ನಿಧಾನಿಸುತ್ತದೆ. ಸ್ವಲ್ಪ ಮೇಲೆ ಬಯಲಾದ ಗಡ್ಡೆಯ ಮೇಲೆ ಎರಡನ್ನೂ ಅಕ್ಕಪಕ್ಕದಲ್ಲೇ ಕಂಡೆ. ಊಟದ ಮೇಜಿನಷ್ಟು ಅಗಲದ ಚಪ್ಪಡಿಕಲ್ಲೊಂದು ಸೊಂಟದೆತ್ತರದ ಮಂಜಿನ ಕಾಲಿನ ಮೇಲೆ ನಿಂತಿತ್ತು. ಸುತ್ತಲ ಗಡ್ಡೆ ಕರಗಿ ಇಳಿದಿದ್ದರೂ ಕಲ್ಲಿನ ನೆರಳಿನಲ್ಲಿದ್ದಷ್ಟು ಭಾಗ ಉಳಿದುಕೊಂಡಿತ್ತು. ಅದರ ಪಕ್ಕದಲ್ಲಿ ಬೆರಳು ತೂರುವಷ್ಟು ಅಗಲದ ನೂರಾರು ಕುಳಿಗಳು, ಪ್ರತಿಯೊಂದರಲ್ಲೂ ತಿಳಿನೀರು, ನೀರಿನ ತಳದಲ್ಲಿ ಒಂದು ಚಿಟಿಕೆ ಕಪ್ಪು ಧೂಳು. ಗಾಳಿ ತಂದು ಹಾಕಿದ ಆ ಧೂಳೇ ಬಿಸಿಲು ಕುಡಿದು ತನ್ನ ಕುಳಿಯನ್ನು ತಾನೇ ತೋಡಿಕೊಂಡಿತ್ತು. ಧೂಳಿನ ಜೊತೆ ದೂರದ ಊರುಗಳ ಮಸಿಯೂ ಇಂಥ ಎತ್ತರಗಳಿಗೆ ಬಂದು ಬೀಳುತ್ತದೆ.

ಕ್ರ್ಯಾಂಪಾನ್ ಎಂಬ ಮುಳ್ಳಿನ ಚೌಕಟ್ಟನ್ನು ಬೂಟಿಗೆ ಕಟ್ಟಿಕೊಂಡು ನಡೆಯುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಹಿಮ್ಮಡಿಯನ್ನು ಮೊದಲು ಊರುವ ಮಾಮೂಲು ನಡಿಗೆ ಅಲ್ಲಿ ಸಲ್ಲದು; ಪಾದವನ್ನು ಪೂರ್ತಿ ಸಪಾಟಾಗಿ ಇಟ್ಟು ಎಲ್ಲ ಮುಳ್ಳುಗಳನ್ನೂ ಒಟ್ಟಿಗೆ ಊರಬೇಕು, ಕಾಲುಗಳ ನಡುವೆ ಅಂತರವಿರಬೇಕು, ಇಲ್ಲವಾದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುವುದು ಖಂಡಿತ. ಹೆಜ್ಜೆಯ ಸದ್ದು ಗಾಜಿನ ಚೂರು ತುಳಿದಂತೆ. ನಿಂತಾಗ ಕೇಳುವ ಸದ್ದೇ ಬೇರೆ: ಎಲ್ಲೆಲ್ಲೂ ನೀರು. ಮೈಮೇಲೆ ಅಂಗೈ ಅಗಲದ ತೊರೆಗಳು, ಅವು ಕೂಡಿ ಕಾಲುವೆ, ಆ ಕಾಲುವೆ ಒಂದೆಡೆ ಬಾವಿಯಂಥ ನೀಲಿ ಕುಳಿಯೊಳಕ್ಕೆ ಧುಮುಕಿ ಮರೆಯಾಗುತ್ತಿತ್ತು. ಅಚೋ ನನ್ನ ತೋಳು ಹಿಡಿದು ಅದರಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ಸಂಜೆ ನಾಲಾ ತುಂಬುವುದೆಂದು ಕೆಳಗೆ ಕಲಿತ ಪಾಠದ ಮೊದಲ ಅಕ್ಷರ ಅಲ್ಲಿತ್ತು.

ನೀಲಿಯ ಬಗ್ಗೆ ಒಂದು ಮಾತು. ಹೊಸದಾಗಿ ಬಿದ್ದ ಹಿಮದ ತುಂಬ ಗಾಳಿ. ಘನಮೀಟರಿಗೆ ಸುಮಾರು 100 ಕಿಲೋ ತೂಗುವಷ್ಟು ಹಗುರ. ವರ್ಷದಿಂದ ವರ್ಷಕ್ಕೆ ಮೇಲೆ ಹೊಸ ಹಿಮ ಪೇರಿಸಿದಂತೆ ಕೆಳಗಿನದು ಅಮುಕಿ, ಕಾಳುಕಾಳಾಗಿ, ಕೊನೆಗೆ 900 ಕಿಲೋ ದಾಟಿ ತೂಗುವ ಗಟ್ಟಿಗಡ್ಡೆಯಾಗುತ್ತದೆ. ಗಾಳಿಗುಳ್ಳೆ ಕಡಿಮೆಯಾದ ದಪ್ಪಗಡ್ಡೆಯಲ್ಲಿ ಬೆಳಕು ಆಳಕ್ಕೆ ಹೋಗುತ್ತದೆ, ಕೆಂಪಿನ ಭಾಗ ಹೀರಿಹೋಗುತ್ತದೆ, ನೀಲಿ ಮರಳಿ ಬರುತ್ತದೆ. ಹೀಗೆ ಆದ ಗಡ್ಡೆ ತನ್ನ ಭಾರಕ್ಕೆ ತಾನೇ ಕೆಳಮುಖವಾಗಿ ಹರಿಯುತ್ತದೆ. ಹರಿಯುವುದರಿಂದಲೇ ಅದಕ್ಕೆ ನದಿಯೆಂಬ ಹೆಸರು. 1827ರಲ್ಲಿ ಫ್ರಾಂಜ್ ಯೋಸೆಫ್ ಹುಗಿ ಎಂಬವರು ಸ್ವಿಟ್ಜರ್ಲೆಂಡಿನ ಊಂಟರಾರ್ ಹಿಮನದಿಯ ಮೇಲೆ ಕಟ್ಟಿದ ಗುಡಿಸಲು ಸುಮಾರು ಹದಿಮೂರು ಹದಿನಾಲ್ಕು ವರ್ಷದಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಕೆಳಗೆ ಸರಿದಿತ್ತು. ತಿರುವಿನಲ್ಲಿ, ಇಳುಕಲಿನಲ್ಲಿ ಈ ಹರಿವು ಎಳೆತಕ್ಕೆ ಸಿಕ್ಕಾಗ ಮೇಲಿನ ಪೆಡಸು ಭಾಗ ಸೀಳುತ್ತದೆ. ಆ ಸೀಳುಗಳೇ ಕ್ರೆವಾಸ್. ಕೆಳಭಾಗದಲ್ಲಿ ಹಿಮದ ಮುಸುಕು ಇಲ್ಲವಾದ್ದರಿಂದ ಅವು ಕಣ್ಣಿಗೆ ಕಾಣುತ್ತವೆ, ಬಳಸಿ ಹೋಗಬಹುದು. ಮೇಲೆ ಹೋದಂತೆ ಕಳೆದ ಚಳಿಗಾಲದ ಹಿಮ ಅವುಗಳ ಬಾಯಿ ಮುಚ್ಚಿರುತ್ತದೆ. ನೆಲವೆಂದು ಕಾಲಿಟ್ಟದ್ದು ಚಾವಣಿಯಾಗಿರುತ್ತದೆ. ಹಗ್ಗದಲ್ಲಿ ಒಬ್ಬರಿಗೊಬ್ಬರು ಕಟ್ಟಿಕೊಂಡ ಮೂರು ನಾಲ್ಕು ಮಂದಿ ಇಲ್ಲದೆ ಅಲ್ಲಿಗೆ ಹೋಗಬಾರದು. ನಾವು ಇಬ್ಬರೇ ಇದ್ದೆವು. ಬಿಳಿ ಹಿಮ ಶುರುವಾದ ಗೆರೆಯಲ್ಲಿ ಅಚೋ ಕೋಲು ನೆಟ್ಟರು. ಗಂಟೆ ಹನ್ನೊಂದು. ನಾನು ಇನ್ನೂ ಸ್ವಲ್ಪ ಎಂದು ಕೇಳಲಿಲ್ಲ.

ಇಳಿಯುವಾಗ ಮೂತಿಯ ಸರೋವರದ ಬಗ್ಗೆ ಮಾತು ಬಂತು. ತಾನು ಹುಡುಗನಾಗಿದ್ದಾಗ ಗಡ್ಡೆ ಇದ್ದ ಕಡೆ ಈಗ ನೀರಿದೆ ಎಂದು ಅಚೋ ಕೈತೋರಿದರು. ಹಿಮನದಿ ಹಿಂದೆ ಸರಿದಾಗ ಅದರ ಹಳೆಯ ಮೊರೇನ್ ಅಣೆಕಟ್ಟಿನಂತಾಗಿ ನೀರು ನಿಲ್ಲುವುದು ಹಿಮಾಲಯದ ಉದ್ದಕ್ಕೂ ಕಾಣುವ ಸಂಗತಿ, ಮತ್ತು ಮಣ್ಣುಕಲ್ಲಿನ ಅಂಥ ಒಡ್ಡು ನಂಬುವಂಥದ್ದಲ್ಲ. ಸಿಕ್ಕಿಂನ ದಕ್ಷಿಣ ಲೊನಾಕ್ ಸರೋವರ 2023ರ ಅಕ್ಟೋಬರ್‌ನಲ್ಲಿ ಒಡೆದಾಗ ತೀಸ್ತಾ ನದಿಯ ಚುಂಗ್‌ಥಾಂಗ್ ಅಣೆಕಟ್ಟೇ ಕೊಚ್ಚಿಹೋಯಿತು. ಆದರೆ ಅಚೋ ಚಿಂತೆ ಪ್ರವಾಹದ್ದಾಗಿರಲಿಲ್ಲ, ಬಿತ್ತನೆಯದು. ಬಾರ್ಲಿಗೆ ನೀರು ಬೇಕಾಗುವುದು ವಸಂತದಲ್ಲಿ. ಎತ್ತರದ ಹಿಮನದಿ ಮೈಮುರಿದು ಕರಗತೊಡಗುವುದು ಜೂನ್ ಹೊತ್ತಿಗೆ. ಈ ನಡುವಿನ ತೂತನ್ನು ಮುಚ್ಚಲೆಂದೇ ಲಡಾಖ್‌ನ ಇಂಜಿನಿಯರ್ ಚೆವಾಂಗ್ ನೊರ್ಫೆಲ್ ಅವರು ಊರಿಗೆ ಹತ್ತಿರದ ನೆರಳಿನ ಕಣಿವೆಗಳಲ್ಲಿ ಚಳಿಗಾಲದ ನೀರನ್ನು ಹರಡಿ ಹೆಪ್ಪುಗಟ್ಟಿಸುವ ಕೃತಕ ಹಿಮನದಿಗಳನ್ನು ರೂಪಿಸಿದರು. ಸೋನಮ್ ವಾಂಗ್ಚುಕ್ ಅವರು ಅದನ್ನೇ ನೆಟ್ಟಗೆ ನಿಲ್ಲಿಸಿ ಮಂಜಿನ ಸ್ತೂಪ ಮಾಡಿದರು. ಪ್ರಶ್ನೆ ನೀರು ಎಷ್ಟು ಎಂಬುದರ ಜೊತೆಗೆ ಯಾವ ಹೊತ್ತಿಗೆ ಎಂಬುದೂ ಆಗಿದೆ. ನಾಲಾದ ಬಿಳಿ ಕಲ್ಲು ದಿನದ ಲೆಕ್ಕದಲ್ಲಿ ಹೇಳುತ್ತಿದ್ದುದನ್ನೇ ಆ ಹೊಲಗಳು ವರ್ಷದ ಲೆಕ್ಕದಲ್ಲಿ ಹೇಳುತ್ತವೆ.

ಇಷ್ಟೆಲ್ಲ ಹೇಳುವ ನೀವು ಪೆಟ್ರೋಲು ಸುಟ್ಟುಕೊಂಡೇ ಹೋದಿರಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ಶ್ರೀನಗರದಿಂದ ಹೊರಟು ಪೆನ್ಸಿ ಲಾ ದಾಟಿ ಹಿಂತಿರುಗಿದ ದಾರಿಗೆ ನನಗೆ ಸುಮಾರು 25 ಲೀಟರ್ ಬೇಕಾಯಿತು. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್; ಒಟ್ಟು 57 ಕಿಲೋ ಹತ್ತಿರ, ಅಂದರೆ ಹೆಚ್ಚುಕಡಿಮೆ ನನ್ನ ತೂಕದಷ್ಟು. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಲೆಕ್ಕ ಮಾತ್ರ ಇದೆ.

ಐದನೆಯ ದಿನ ಬೆಳಿಗ್ಗೆ ಆರಕ್ಕೆ ಜುಲ್ದೊ ಬಿಟ್ಟೆ. ನಾಲಾದ ದಡಕ್ಕೆ ಬಂದಾಗ ಕೆಲಸದವರು ತಗಡಿನ ಡಬ್ಬದಲ್ಲಿ ಡಾಂಬರು ಕಾಯಿಸಲು ಬೆಂಕಿ ಹಚ್ಚುತ್ತಿದ್ದರು. ನನ್ನನ್ನು ಗುರುತು ಹಿಡಿದು ನಕ್ಕರು. ಆ ಹಿರಿಯರು ಮಾತಿಲ್ಲದೆ ಕೈಗಡಿಯಾರ ಕಟ್ಟುವ ಜಾಗವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಬಿಳಿ ಕಲ್ಲು ಬುಡದವರೆಗೂ ಒಣಗಿ ನಿಂತಿತ್ತು, ಅದರ ಸುತ್ತ ರಾತ್ರಿಯ ತೆಳುಮಂಜು ಹಪ್ಪಳದಂತೆ ಕಟ್ಟಿತ್ತು. ದಾಟುವಾಗ ನೀರು ಚಕ್ರದ ರಿಮ್ಮನ್ನೂ ಮುಟ್ಟಲಿಲ್ಲ.